ಅಕ್ಕ ಅಳದ ಸಿನಿಮಾ

ಹೋದ ವಾರ ಬೆಳಿಗ್ಗೆ ಅಕ್ಕನ ರಕ್ತ ಪರೀಕ್ಷೆಗೆಂದು ಲ್ಯಾಬಿನಿಂದ ಒಬ್ಬ ಹುಡುಗಿ ಮನೆಗೆ ಬಂದಿದ್ದಳು. ಹತ್ತಿಗೆ ಸ್ಪಿರಿಟ್ ಸುರಿದು ಅಕ್ಕನ ತೋಳಿಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಿದ್ದದ್ದೇ, ಅಷ್ಟು ಹೊತ್ತು ತೂಕಡಿಸುತ್ತಿದ್ದ ಅಕ್ಕ ಡ್ಯೂಟಿಗೆ ತಡವಾದವರ ಹಾಗೆ ನೆಟ್ಟಗೆ ಕೂತರು. ಎಂಬತ್ತು ವರ್ಷದ ಕೈ, ನರ ಸಿಗಲಿಲ್ಲ. ಹುಡುಗಿ ಎರಡು ಕಡೆ ಚುಚ್ಚಿ ನೋಡಿ ಬೆವರತೊಡಗಿದಳು. ‘ಕಣ್ಣಿನಿಂದ ಹುಡುಕಬೇಡ, ಬೆರಳಿನಿಂದ ಹುಡುಕು’ ಎಂದು ಅಕ್ಕ ತಮ್ಮ ಗದಗಿನ ರಾಗದ ಗುಜರಾತಿಯಲ್ಲಿ ಹೇಳಿಕೊಟ್ಟರು. ಮೂರನೆಯ ಸಲ ಸರಿಯಾಗಿ ಸಿಕ್ಕಿತು.

ಹೊರಡುವಾಗ ಹುಡುಗಿ ಬಾಗಿಲ ಹತ್ತಿರ ನನ್ನನ್ನು ಕೇಳಿದಳು, ‘ನಿಮ್ಮ ತಾಯಿ ನರ್ಸ್ ಆಗಿದ್ದರಾ?’

‘ಹೌದು. ತಾಯಿಯಲ್ಲ, ನನ್ನ ಗಂಡನ ಅಕ್ಕ.’

‘ಅವರ ಮಕ್ಕಳೆಲ್ಲ ಎಲ್ಲಿ?’

‘ಮದುವೆಯಾಗಲಿಲ್ಲ. ತಮ್ಮನನ್ನು ಸಾಕಿ ಓದಿಸಿದರು.’

‘ಅರೇರೇ’ ಎಂದಳು ಹುಡುಗಿ. ಗುಜರಾತಿನವರ ಬಾಯಲ್ಲಿ ಈ ‘ಅರೇರೇ’ಗೆ ಒಂದು ವಿಶೇಷ ಎಳೆತವಿದೆ. ಒಬ್ಬರ ಇಡೀ ಬದುಕಿಗೆ ಆಗುವಷ್ಟು ಕನಿಕರ ಅದರಲ್ಲಿ ಹಿಡಿಸುತ್ತದೆ. ಪಾಪ, ಒಳ್ಳೆಯ ಮನಸ್ಸಿನ ಹುಡುಗಿ, ಕಣ್ಣೂ ಸ್ವಲ್ಪ ಒದ್ದೆಯಾದ ಹಾಗಿತ್ತು. ಆದರೆ ಆ ಒಂದು ಸದ್ದು ನನ್ನನ್ನು ಇಪ್ಪತ್ತು ವರ್ಷಕ್ಕೂ ಹಿಂದೆ, ಅಹಮದಾಬಾದಿನ ಆಶ್ರಮ ರಸ್ತೆಯ ಒಂದು ಚಿತ್ರಮಂದಿರದ ಕತ್ತಲೆಗೆ ಕರೆದುಕೊಂಡು ಹೋಯಿತು. ಅಲ್ಲಿ ಏಳೆಂಟು ನೂರು ಜನ ಒಟ್ಟಿಗೆ ‘ಅರೇರೇ’ ಎನ್ನುತ್ತಿದ್ದರು. ಅಕ್ಕ ಮಾತ್ರ ಕೈಗಡಿಯಾರ ನೋಡುತ್ತಿದ್ದರು.

ಮೊದಲು ನಮ್ಮ ಮನೆಯ ಪರಿಚಯ ಹೇಳಿಬಿಡುತ್ತೇನೆ. ನನ್ನ ಗಂಡನ ಹೆಸರು ಶ್ರೀಧರ. ನಾನು ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಬರೆಯಲು ಅಡ್ಡಿಯಿಲ್ಲ. ತೈಲ ಕಂಪನಿಯೊಂದರಲ್ಲಿ ಇಂಜಿನಿಯರಾಗಿದ್ದರು. ಆಗ ನಾವಿದ್ದದ್ದು ಊರಂಚಿನ ಚಾಂದ್‌ಖೇಡಾದ ಸ್ಟಾಫ್ ಕ್ವಾರ್ಟರ್ಸಿನಲ್ಲಿ. ಗುಜರಾತಿನ ಆ ದೊಡ್ಡ ಭೂಕಂಪವಾಗಿ ಎರಡು ವರ್ಷ ಕಳೆದಿತ್ತು. ಮೆಟ್ಟಿಲ ಗೋಡೆಯ ಬಿರುಕುಗಳಿಗೆ ಮೆತ್ತಿದ ಸಿಮೆಂಟು ಇನ್ನೂ ಬೇರೆ ಬಣ್ಣದಲ್ಲೇ ಕಾಣುತ್ತಿತ್ತು. ಮಗಳು ಅನಘಾಗೆ ಏಳು ವರ್ಷ. ನಾನು ತುಮಕೂರಿನವಳು, ಅವರು ಗದಗಿನ ಕಡೆಯವರು. ಹೀಗಾಗಿ ಮನೆಯಲ್ಲಿ ಎರಡು ಥರದ ಕನ್ನಡವಿತ್ತು. ಮಗಳು ಎರಡನ್ನೂ ಬಿಟ್ಟು ಹಿಂದಿ ಹಿಡಿದುಕೊಂಡಿದ್ದಳು.

ಶ್ರೀಧರ ಮೂರು ವರ್ಷದವರಿದ್ದಾಗ ತಾಯಿ ಹೋದರು, ಒಂಬತ್ತಕ್ಕೆ ತಂದೆ. ಅವರಿಗಿಂತ ಹದಿನಾರು ವರ್ಷ ದೊಡ್ಡವರಾದ ಗಿರಿಜಕ್ಕ ಆಗಲೇ ಸರ್ಕಾರಿ ನರ್ಸ್ ಕೆಲಸದಲ್ಲಿದ್ದರು. ರೋಣ ತಾಲೂಕಿನ ಹಳ್ಳಿಗಳಲ್ಲಿ ಬಸ್ಸು, ಚಕ್ಕಡಿ, ಕಾಲ್ನಡಿಗೆ ಹೀಗೆ ಸಿಕ್ಕಿದ್ದರಲ್ಲಿ ತಿರುಗಿ ಹೆರಿಗೆ ಮಾಡಿಸುತ್ತಾ ತಮ್ಮನನ್ನು ಬೆಳೆಸಿದರು. ಮದುವೆಯಾಗಲಿಲ್ಲ. ನಮ್ಮ ಮದುವೆಯಾದ ಮೊದಲ ವಾರವೇ ಶ್ರೀಧರ ನನಗೆ ಇದನ್ನೆಲ್ಲ ಹೇಳಿ, ‘ನನ್ನ ಸಲುವಾಗಿ ಅಕ್ಕ ತನ್ನ ಬಾಳೇ ಬಿಟ್ಟುಕೊಟ್ಟಳು. ಅದನ್ನ ನೀ ಯಾವಾಗಲೂ ನೆನಪಿಟ್ಟುಕೋಬೇಕು’ ಎಂದಿದ್ದರು. ನಾನು ನೆನಪಿಟ್ಟುಕೊಂಡೆ. ಬಹುಶಃ ಅಗತ್ಯಕ್ಕಿಂತ ಹೆಚ್ಚೇ ನೆನಪಿಟ್ಟುಕೊಂಡೆ.

ಅಕ್ಕ ನಿವೃತ್ತರಾದ ಮೇಲೆ ಶ್ರೀಧರ ಖುದ್ದಾಗಿ ಹೋಗಿ ಅವರನ್ನು ಅಹಮದಾಬಾದಿಗೆ ಕರೆದುಕೊಂಡು ಬಂದರು. ಇನ್ನು ಇಲ್ಲೇ ಇರುವುದೆಂದು ಮಾತಾಗಿತ್ತು. ಸಾಮಾನೆಂದರೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಅಂದಿನಿಂದ ನಾವಿಬ್ಬರೂ ಅವರ ಸೇವೆಗೆ ನಿಂತೆವು. ಸೇವೆ ಎಂದರೆ ಎಂಥದೆಂದು ಕೇಳಿ. ಅಕ್ಕ ಕಸಪೊರಕೆ ಮುಟ್ಟಿದರೆ ಶ್ರೀಧರ ಓಡಿಬಂದು ಕಿತ್ತುಕೊಳ್ಳುವರು. ತರಕಾರಿ ಹೆಚ್ಚಲು ಕೂತರೆ ನಾನು ಚಾಕು ತೆಗೆದುಕೊಳ್ಳುವೆ. ‘ನೀವು ಕೂತಿರಿ ಅಕ್ಕಾ’ ಎಂದು ನಾನು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ ಲೆಕ್ಕವಿಲ್ಲ. ಅವರು ಕೋಣೆಯೊಳಗೆ ಬಂದರೆ ಶ್ರೀಧರ ಎದ್ದು ನಿಲ್ಲುತ್ತಿದ್ದರು. ಟಿವಿಯ ದನಿ ತಗ್ಗಿಸುತ್ತಿದ್ದರು. ಅವರೆದುರು ನಾವು ಗಂಡ ಹೆಂಡತಿ ಒಂದು ಜೋರು ಮಾತಾಡುತ್ತಿರಲಿಲ್ಲ. ಬಾಲ್ಕನಿಯಲ್ಲಿ ಅಕ್ಕನಿಗೊಂದು ಬೆತ್ತದ ಕುರ್ಚಿ ಹಾಕಿದ್ದೆವು. ಅಲ್ಲಿಂದ ಕಾಣುತ್ತಿದ್ದದ್ದು ಕಾಲೊನಿಯ ನೀರಿನ ಟ್ಯಾಂಕು. ಅಕ್ಕ ಬೆಳಗಿನಿಂದ ಸಂಜೆಯವರೆಗೆ ಆ ಟ್ಯಾಂಕನ್ನು ನೋಡುತ್ತಿದ್ದರು.

ನಿಜ ಹೇಳಬೇಕೆಂದರೆ ನನಗೆ ಅಕ್ಕನೆಂದರೆ ಹೆದರಿಕೆಯಿತ್ತು. ದೇವರ ಪಟದ ಜೊತೆ ಸಂಸಾರ ಮಾಡಿದ ಹಾಗಿತ್ತು. ಪಟಕ್ಕೆ ಹೂವೇರಿಸಬಹುದು, ‘ಇವತ್ತು ಹುಳಿ ಹೇಗಿತ್ತು’ ಎಂದು ಕೇಳುವ ಹಾಗಿಲ್ಲ. ಒಂದು ಮಧ್ಯಾಹ್ನ ಇಣುಕಿ ನೋಡಿದಾಗ ಅಕ್ಕ ಮಡಿಸಿಟ್ಟ ಟವೆಲುಗಳನ್ನೆಲ್ಲ ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ನಾನು ಒಳಗೆ ಹೋಗಿ ಅದನ್ನೂ ಕಸಿದುಕೊಂಡೆ.

ನವರಾತ್ರಿ ಹತ್ತಿರ ಬಂದಾಗ ಒಂದು ದಿನ ಊಟದ ಹೊತ್ತಿನಲ್ಲಿ ಅಕ್ಕ ಹೇಳಿದರು, ‘ಶ್ರೀಧರ, ದೀಪಾವಳಿ ಆದಮ್ಯಾಲ ನನಗೊಂದು ಟಿಕೆಟ್ ಮಾಡಸು. ಊರಿಗೆ ಹೋಗ್ತೀನಿ.’

‘ಎಷ್ಟು ದಿನಕ್ಕ?’

‘ನೋಡೂಣು.’

ಶ್ರೀಧರ ತಟ್ಟೆಯಲ್ಲೇ ಕೈ ತೊಳೆದು ಎದ್ದುಬಿಟ್ಟರು. ಆ ‘ನೋಡೂಣು’ ಎಂಬುದರ ಅರ್ಥ ಮೂವರಿಗೂ ಗೊತ್ತಿತ್ತು. ಹೋದರೆ ಅಕ್ಕ ಮತ್ತೆ ಬರುವವರಲ್ಲ. ನಾವು ಎಲ್ಲಿ ಕಡಿಮೆ ಮಾಡಿದೆವು ಎಂದು ಗಂಡ ಹೆಂಡತಿ ಎರಡು ದಿನ ಯೋಚಿಸಿದೆವು. ಕಡಿಮೆ ಮಾಡಿದ್ದೇನೂ ಹೊಳೆಯಲಿಲ್ಲ. ಮರುದಿನದಿಂದ ನಾನು ಅಕ್ಕನಿಗೆ ಹಾಲಿಗೆ ಬಾದಾಮಿ ಹಾಕಿ ಕೊಡತೊಡಗಿದೆ.

ಆ ಹೊತ್ತಿಗೆ ಸರಿಯಾಗಿ ಬಂತು ಒಂದು ಹಿಂದಿ ಸಿನಿಮಾ. ಎದುರು ಮನೆಯ ಹಂಸಾಬೆನ್ ಅದನ್ನು ಆಗಲೇ ಎರಡು ಸಲ ನೋಡಿ ಬಂದಿದ್ದರು. ಅಕ್ಕನ ಕಥೆ ನನ್ನ ಬಾಯಿಂದ ಅವರಿಗೂ ಮುಟ್ಟಿತ್ತು. ಒಂದು ಸಂಜೆ ನಮ್ಮ ಅಡುಗೆಮನೆಯಲ್ಲಿ ಕೂತು, ಮೂಗೊರೆಸಿಕೊಳ್ಳುತ್ತಾ, ತಮ್ಮ ಗುಜರಾತಿ ಬೆರೆಸಿದ ಹಿಂದಿಯಲ್ಲಿ ಹೇಳಿದರು, ‘ಅದು ನಿಮ್ಮ ಗಿರಿಜಾಬೆನ್‌ದೇ ಕಥೆ. ಅಕ್ಕನೊಬ್ಬಳು ತಮ್ಮಂದಿರಿಗಾಗಿ ಎಲ್ಲ ತ್ಯಾಗ ಮಾಡುತ್ತಾಳೆ. ಅವರನ್ನ ಕರಕೊಂಡು ಹೋಗಿ. ಅತ್ತು ಅತ್ತು ಮನಸ್ಸು ಹಗುರಾಗುತ್ತದೆ. ನಾನೂ ಬರುತ್ತೇನೆ.’

ನನಗೆ ಇದು ವರ ಸಿಕ್ಕ ಹಾಗಾಯಿತು. ನೀವು ನಗಬೇಡಿ, ನನ್ನ ಲೆಕ್ಕಾಚಾರ ಹೀಗಿತ್ತು. ‘ಅಕ್ಕಾ, ನಿಮ್ಮ ಋಣ ನಮಗೆ ಗೊತ್ತು, ಬಿಟ್ಟು ಹೋಗಬೇಡಿ’ ಎಂದು ಬಾಯಿಬಿಟ್ಟು ಹೇಳಲು ನಮಗೆ ಬರುತ್ತಿರಲಿಲ್ಲ. ಅದನ್ನು ಸಿನಿಮಾದವರು ಹೇಳಲಿ. ಕತ್ತಲೆಯಲ್ಲಿ ಎಲ್ಲರೂ ಒಟ್ಟಿಗೆ ಅತ್ತು, ಹೊರಗೆ ಬರುವಾಗ ಯಾರೂ ಏನೂ ವಿವರಿಸಬೇಕಾಗಿಲ್ಲದೆ ಎಲ್ಲ ಸರಿಹೋಗಿರುತ್ತದೆ. ನಾನೇನು ಅಳುವುದರಲ್ಲಿ ಹಿಂದೆ ಬಿದ್ದವಳಲ್ಲ. ಕುಕ್ಕರಿನ ಜಾಹೀರಾತಿನಲ್ಲಿ ಅಜ್ಜಿಯೊಬ್ಬಳು ಮೊಮ್ಮಗನಿಗೆ ಅನ್ನ ಬಡಿಸಿದರೂ ನಾನು ಸೆರಗು ಹುಡುಕುತ್ತೇನೆ. ಆ ಭಾನುವಾರ ಮೂರು ಗಂಟೆಯ ಆಟಕ್ಕೆ ಎರಡು ದೊಡ್ಡ ಕರವಸ್ತ್ರ ಇಸ್ತ್ರಿ ಮಾಡಿ ಇಟ್ಟುಕೊಂಡೆ. ಒಂದು ನನಗೆ, ಒಂದು ಅಕ್ಕನಿಗೆ. ಕೂರುವ ಕ್ರಮವನ್ನೂ ನಾನೇ ಗೊತ್ತು ಮಾಡಿದ್ದೆ. ನಡುವೆ ಅಕ್ಕ, ಅವರ ಒಂದು ಬದಿಗೆ ಶ್ರೀಧರ, ಇನ್ನೊಂದು ಬದಿಗೆ ನಾನು, ನನ್ನ ಪಕ್ಕ ಅನಘಾ, ಕೊನೆಗೆ ಹಂಸಾಬೆನ್.

ಸಿನಿಮಾ ಶುರುವಾಯಿತು. ಅರಮನೆಯಂಥ ಮನೆ, ಎರಡೂ ಕಡೆಯಿಂದ ಇಳಿದುಬರುವ ಮೆಟ್ಟಿಲು. ಅನಾಥರಾದ ನಾಲ್ಕು ಜನ ತಮ್ಮಂದಿರು, ಬಿಳಿ ಸೀರೆಯ ಒಬ್ಬಳು ಅಕ್ಕ. ಅವಳು ಹೊಲಿಗೆ ಮಿಷನ್ ತುಳಿದು ನಾಲ್ವರನ್ನೂ ಓದಿಸುತ್ತಾಳೆ. ಮಿಷನ್ ತುಳಿದು ಆ ಮನೆಯನ್ನು ಹೇಗೆ ನಡೆಸಿದಳೆಂಬ ಪ್ರಶ್ನೆ ನನ್ನ ತಲೆಯಲ್ಲೂ ಸುಳಿಯಿತು. ಕೃತಘ್ನಳ ಹಾಗೆ ಯೋಚಿಸಬಾರದೆಂದು ಅದನ್ನು ಹತ್ತಿಕ್ಕಿದೆ. ಆಮೇಲೆ ಅವಳ ಮದುವೆ. ಮಂಟಪದಲ್ಲಿ ಹಾರ ಹಿಡಿದು ನಿಂತಿದ್ದಾಳೆ, ಅಷ್ಟರಲ್ಲಿ ಕಿರಿಯ ತಮ್ಮನಿಗೆ ಜ್ವರವೆಂದು ಸುದ್ದಿ. ಅವಳು ಹಾರ ಕೆಳಗಿಟ್ಟು ಮೆಟ್ಟಿಲು ಹತ್ತಿ ಓಡುತ್ತಾಳೆ. ವರ ತಲೆ ತಗ್ಗಿಸಿ ಹೊರಟುಹೋಗುತ್ತಾನೆ. ವಯೊಲಿನ್ನುಗಳು ಒಂದೇ ಸಮ ಅತ್ತವು. ಸುತ್ತಲೂ ಮೂಗೆಳೆಯುವ ಸದ್ದು.

ಅಕ್ಕ ನನ್ನ ಕಡೆ ವಾಲಿದರು. ಕರವಸ್ತ್ರಕ್ಕೆಂದುಕೊಂಡು ನಾನು ಕೈ ಚಾಚಿದೆ. ಅವರು ಕೇಳಿದರು, ‘ಜ್ವರ ಎಷ್ಟಿತ್ತಂತ?’

‘ಹೇಳಲಿಲ್ಲ ಅಕ್ಕಾ.’

‘ಒಂದು ಗುಳಿಗಿ ಕೊಟ್ಟು, ಹಣಿ ಮ್ಯಾಲೊಂದು ಒದ್ದಿ ಅರಬಿ ಹಾಕಿ, ತಾಳಿ ಕಟ್ಟಿಸಿಕೊಂಡು ಬರಬಹುದಿತ್ತು. ಮನಿತುಂಬ ಮಂದಿ ಅದಾರ.’

ಅಲ್ಲಿಗೆ ನನ್ನ ಅಳು ಕೆಟ್ಟಿತು. ಒಮ್ಮೆ ಕೆಟ್ಟ ಅಳು ಮತ್ತೆ ಕೂಡಿಬರುವುದು ಕಷ್ಟ. ಮುಂದೆ ಅತ್ತಿಗೆ ನಾದಿನಿಯರ ಜಗಳ, ಆ ಅಕ್ಕನನ್ನು ಮನೆಯಿಂದ ಹೊರಹಾಕುವುದು, ಅವಳು ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ತಮ್ಮಂದಿರ ಒಳಿತಿಗಾಗಿ ಹಾಡುವುದು. ನನಗೆ ಒಂದು ಹನಿಯೂ ಬರಲಿಲ್ಲ. ಅವಳಿಗೆ ಒಮ್ಮೆಯೂ ಹಸಿವಾಗಲಿಲ್ಲ, ಸಿಟ್ಟು ಬರಲಿಲ್ಲ, ಕಾಲು ನೋಯಲಿಲ್ಲ. ನಾನು ನೋಡಬಯಸಿದ್ದು ಒಂದು ಮನೆಯನ್ನು. ಅವರು ತೋರಿಸುತ್ತಿದ್ದದ್ದು ಗೋಡೆಯ ಮೇಲಿನ ಒಂದು ಪಟವನ್ನು. ಇಷ್ಟೆಲ್ಲ ಆಸೆ ಕಟ್ಟಿಕೊಂಡು ಬಂದವಳಿಗೆ ದೊಡ್ಡ ನಿರಾಸೆಯಾಯಿತು. ಎಲ್ಲರೂ ಅಳುವಾಗ ಅಳದಿರುವವರಿಗೆ ಒಂದು ಥರದ ನಾಚಿಕೆಯೂ ಆಗುತ್ತದೆ, ಅದೂ ಆಯಿತು.

ಕೊನೆಯಲ್ಲಿ ಆ ಅಕ್ಕ ಆಸ್ಪತ್ರೆಯಲ್ಲಿ ಸಾಯುತ್ತಾಳೆ. ಸಾಯುವ ಮೊದಲು ಆಕ್ಸಿಜನ್ ಮಾಸ್ಕ್ ತೆಗೆದು ಹತ್ತು ನಿಮಿಷ ಭಾಷಣ ಮಾಡುತ್ತಾಳೆ. ‘ಉಸಿರು ಇಲ್ಲದವರು ಇಷ್ಟು ಮಾತಾಡೂದಿಲ್ಲ’ ಎಂದು ಅಕ್ಕ ಗೊಣಗಿದರು. ನಾಲ್ವರು ತಮ್ಮಂದಿರು ಕಣ್ಣೀರಿನಿಂದ ಅವಳ ಪಾದ ತೊಳೆದರು. ಆಗ ನನ್ನ ಬಲಗಡೆ ಏನೋ ಸರಿದಾಡಿದಂತಾಯಿತು. ತಿರುಗಿ ನೋಡುತ್ತೇನೆ, ಶ್ರೀಧರ ಸೀಟಿನಿಂದ ಕೆಳಗಿಳಿದು, ಆ ಇಕ್ಕಟ್ಟಿನಲ್ಲಿ ಮೊಣಕಾಲೂರಿ, ಅಕ್ಕನ ಎರಡೂ ಪಾದ ಹಿಡಿದುಕೊಂಡು ಬಿಕ್ಕುತ್ತಿದ್ದರು. ಮದುವೆಯಾಗಿ ಹತ್ತು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

‘ಏಳೋ, ಮಂದಿ ನೋಡಾಕತ್ತಾರ’ ಎಂದರು ಅಕ್ಕ, ಪಿಸುದನಿಯಲ್ಲಿ. ಅವರು ಏಳಲಿಲ್ಲ. ದೀಪ ಹತ್ತಿತು. ಹಿಂದಿನ ಸಾಲಿನ ಹೆಂಗಸರು ಈ ದೃಶ್ಯ ಕಂಡು, ಆಗಷ್ಟೇ ಒರೆಸಿಕೊಂಡ ಕಣ್ಣಿಗೆ ಮತ್ತೆ ಸೆರಗು ಒತ್ತಿಕೊಂಡರು. ಅಕ್ಕನ ಮುಖ ಮಾತ್ರ ಗಟ್ಟಿಯಾಗಿತ್ತು. ಹಂಸಾಬೆನ್ ಕೆಂಪು ಕಣ್ಣುಗಳಿಂದ ಅವರನ್ನೇ ದಿಟ್ಟಿಸಿ, ನನ್ನ ಕಿವಿಯಲ್ಲಿ, ‘ಗಿರಿಜಾಬೆನ್ ಅಳಲೇ ಇಲ್ಲವಲ್ಲ’ ಎಂದರು. ಅವರ ದನಿಯಲ್ಲಿ ದೂರಿತ್ತು.

ಹಂಸಾಬೆನ್ ಅಲ್ಲಿಂದ ತಂಗಿಯ ಮನೆಗೆ ಹೋದರು. ನಾವು ಆಟೋ ಹಿಡಿದು ನವರಂಗಪುರಕ್ಕೆ ಬಂದೆವು. ಅಲ್ಲಿ ಕುಂದಾಪುರದ ಕಡೆಯ ಭಟ್ಟರೊಬ್ಬರ ಹೋಟೆಲಿತ್ತು. ಪೇಟೆಗೆ ಬಂದಾಗಲೆಲ್ಲ ಅಲ್ಲಿ ದೋಸೆ ತಿನ್ನುವುದು ನಮ್ಮ ರೂಢಿ. ದಾರಿಯುದ್ದಕ್ಕೂ ಇಷ್ಟು ಕೆಟ್ಟ ಉಪಾಯ ನನ್ನ ತಲೆಗೆ ಹೇಗೆ ಬಂತೆಂದು ನಾನು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ದೀಪಾವಳಿಯವರೆಗೂ ಕಾಯದೆ ಅಕ್ಕ ನಾಳೆಯೇ ಹೊರಟುಬಿಡುತ್ತಾರೆ ಎನ್ನಿಸಿತು.

ಭಟ್ಟರು ಮೇಜಿನ ಹತ್ತಿರ ಬಂದು ಶ್ರೀಧರರ ಮುಖ ನೋಡಿದರು. ‘ಸಿನಿಮಾಕ್ಕೆ ಹೋಗಿದ್ದಾ? ಇವತ್ತು ಬಂದವ್ರೆಲ್ಲ ಕಣ್ಣು ಕೆಂಪು ಮಾಡ್ಕೊಂಡೇ ಬರ್ತಾ ಇದ್ದಾರೆ. ಕೂತ್ಕೊಳಿ, ನಮ್ಮವ್ರಿಗಂತ ಬೆಲ್ಲ ಹಾಕದ ಸಾಂಬಾರು ಒಳಗೆ ಬೇರೆ ಇದೆ, ಅದನ್ನೇ ಕಳಿಸ್ತೇನೆ.’

ದೋಸೆ ಬಂತು. ಮೊದಲ ತುತ್ತಿಗೇ ಅನಘಾ ತಲೆಯೆತ್ತಿ, ತನ್ನ ಅರ್ಧ ಕನ್ನಡದಲ್ಲಿ ಕೇಳಿದಳು, ‘ಅತ್ತೆ, ನೀನೂ ಪಪ್ಪಾಗೋಸ್ಕರ ಶಾದಿ ಮಾಡಿಲ್ಲ ನಾ? ಆ ದೀದಿ ಥರ?’

ನಾನು ಅವಳ ತೊಡೆ ಚಿವುಟಿದೆ. ತಡವಾಗಿತ್ತು.

‘ಯಾರು ಹೇಳಿದರು ನಿನಗ?’ ಅಕ್ಕ ಕೇಳಿದರು.

‘ಎಲ್ಲರೂ ಹೇಳ್ತಾರೆ. ಮಮ್ಮಿ ಹಂಸಾ ಆಂಟಿಗೆ ಹೇಳಿದ್ಲು.’

ಅಕ್ಕ ಕೈಯಲ್ಲಿದ್ದ ದೋಸೆ ಚೂರನ್ನು ತಟ್ಟೆಯಲ್ಲಿಟ್ಟು ತಮ್ಮನ ಕಡೆ ತಿರುಗಿದರು. ‘ಶ್ರೀಧರ, ನೀ ಅಲ್ಲೆ ಅತ್ತಿದ್ದು ಇದಕ್ಕೇನು?’

ಶ್ರೀಧರ ತಲೆ ಎತ್ತಲಿಲ್ಲ. ‘ಮಾಮಾ ಅಂದಿದ್ದ. ನಾ ಬಾಗಲ ಹಿಂದ ನಿಂತು ಕೇಳೇನಿ. ಈ ಹುಡುಗನ ಸಲುವಾಗಿ ಆಕಿ ಬಾಳು ಹಾಳಾತು ಅಂತ.’

‘ಯಾವಾಗ?’

‘ನರಗುಂದದ ಮಾಸ್ತರು ನಿನ್ನ ನೋಡಾಕ ಬಂದು ಹೋದ ಮರುದಿನ. ನಾ ಆಗ ಸಾಲ್ಯಾಗ ಆರನೇತ್ತೆ ಇದ್ದೆ.’

ಅಕ್ಕ ತಟ್ಟೆ ಪಕ್ಕಕ್ಕೆ ಸರಿಸಿದರು. ಅವರ ಮುಖದ ಗಟ್ಟಿತನ ಹೋಗಿ ಅಲ್ಲಿ ನಿಜವಾದ ನೋವು ಕಾಣಿಸಿತು. ಇಡೀ ಮಧ್ಯಾಹ್ನದಲ್ಲಿ ಮೊದಲ ಸಲ. ‘ಮೂವತ್ತು ವರ್ಷದ ಮ್ಯಾಲಾತು. ಇಷ್ಟು ವರ್ಷ ಇದನ್ನ ಹೊಟ್ಟ್ಯಾಗ ಇಟ್ಟುಕೊಂಡು ತಿರುಗಾಡಿಯೇನು? ನನ್ನ ಒಂದು ಮಾತು ಕೇಳಬಾರದಿತ್ತೇನೋ?’

‘ಹೆಂಗ ಕೇಳಲಿ?’

‘ಈಗ ಈ ಕೂಸು ಕೇಳಿತಲ್ಲ, ಹಂಗ.’

ಆಮೇಲೆ ಅಕ್ಕ ಹೇಳಿದರು. ಪಕ್ಕದ ಮೇಜಿನ ಗದ್ದಲದ ನಡುವೆ, ದನಿ ಎತ್ತದೆ, ರೋಗಿಯ ಚೀಟಿ ಓದಿ ಹೇಳಿದಷ್ಟೇ ಸರಾಗವಾಗಿ. ‘ಆ ಮಾಸ್ತರ ಛಲೋ ಮನಶಾನ ಇದ್ದ. ಹುಡುಗನ್ನೂ ಕರಕೊಂಡು ಬರ್ರಿ, ನಮ್ಮ ಮನ್ಯಾಗ ಇದ್ದು ಓದಲಿ ಅಂತ ಅಂವನ ಅಂದಿದ್ದ. ನಿನ್ನ ಮಾತು ಅಲ್ಲಿ ಅಡ್ಡ ಬರಲೇ ಇಲ್ಲ. ನೌಕರಿ ಬಿಡ್ರಿ ಅಂದ. ನಮ್ಮ ಮನಿ ಹೆಣಮಗಳು ಹೊತ್ತಿಲ್ಲದ ಹೊತ್ತಿನ್ಯಾಗ ಕಂಡವರ ಮನಿಗೆ ಹೆರಿಗಿಗೆ ಹೋಗೂದು ಚಂದ ಕಾಣೂದಿಲ್ಲ ಅಂದ. ನಾ ಒಂದು ವಾರ ವಿಚಾರ ಮಾಡಿದೆ. ನೌಕರಿ ಬಿಡೂದಕ್ಕಿಂತ ಅವನ್ನ ಬಿಡೂದು ಸಲೀಸು ಅನಿಸ್ತು. ಬಿಟ್ಟೆ.’

‘ಆಮ್ಯಾಲ?’

‘ಆಮ್ಯಾಲ ಯಾರೂ ಕೇಳಿ ಬರಲಿಲ್ಲ, ನಾನೂ ದಾರಿ ಕಾಯಲಿಲ್ಲ. ಒಂದೆರಡು ವರ್ಷ ಬ್ಯಾಸರ ಆಗಿತ್ತು, ಖರೆ. ಒಮ್ಮೊಮ್ಮೆ ನಿನ್ನ ಮ್ಯಾಲ ಸಿಟ್ಟೂ ಬರತಿತ್ತು, ಅದೂ ಖರೆ. ಜ್ವರ ಬಂದ್ರ ನೀ ಭಾಳ ಹಟ ಮಾಡ್ತಿದ್ದಿ. ಆದ್ರ ಅದು ತ್ಯಾಗ ಅಲ್ಲೋ. ಅದು ನನ್ನ ಸಂಸಾರ. ನನಗ ಬೇಕಾದ ನೌಕರಿ, ನನಗ ಬೇಕಾದ ತಮ್ಮ. ನೀವೆಲ್ಲ ಅದನ್ನ ತ್ಯಾಗ ತ್ಯಾಗ ಅಂದ್ರ, ನಾ ಬದುಕಿದ್ದೆಲ್ಲ ಯಾರದೋ ಹೆಸರಿಗೆ ಬರೆದು ಕೊಟ್ಟಂಗ ಆಗತೈತಿ.’

ಶ್ರೀಧರ ನೀರಿನ ಲೋಟ ಎತ್ತಿ ಪೂರ್ತಿ ಕುಡಿದರು. ಹೆಗಲ ಮೇಲಿನ ಮೂಟೆ ಇಳಿಸಿದವರು ಮೊದಲು ಮಾಡುವ ಕೆಲಸ ಅದೇ ಅಲ್ಲವೇ. ನಾನು ಅಳುತ್ತೇನೆಂದು ಕಾದೆ. ಅಳು ಬರಲಿಲ್ಲ. ವಿಪರೀತ ಹಸಿವಾಯಿತು. ಎಲ್ಲರಿಗೂ ಇನ್ನೊಂದೊಂದು ದೋಸೆ ಹೇಳಿ, ಎಂದೂ ಇಲ್ಲದ ಧೈರ್ಯ ಮಾಡಿ ಕೇಳಿದೆ, ‘ಹಾಗಾದರೆ ಅಕ್ಕಾ, ನಮ್ಮನ್ನು ಬಿಟ್ಟು ಯಾಕೆ ಹೋಗ್ತಿದ್ದೀರಿ?’

‘ಇದ್ದು ಏನು ಮಾಡಲಿ ಹೇಳವಾ? ಚಾಕು ಮುಟ್ಟಿದ್ರ ಕಸಗೋತೀ.’ ಅಕ್ಕನ ಕಣ್ಣಲ್ಲಿ ಆ ದಿನದ ಮೊದಲ ನಗು ಕಂಡಿತು. ‘ಆ ಸಿನಿಮಾದಾಕಿಗಿ ಹೊಲಿಗಿ ಮಿಷನ್ನರ ಇತ್ತು. ನನಗ ಅದೂ ಇಲ್ಲ.’

ಮರುದಿನ ಬೆಳಿಗ್ಗೆ ನಾನು ಅಕ್ಕನ ಮುಂದೆ ಬದನೆಕಾಯಿ, ಚಾಕು ಎರಡನ್ನೂ ಇಟ್ಟೆ. ಅವರು ಹೆಚ್ಚಿದರು, ಒಗ್ಗರಣೆಯನ್ನೂ ಹಾಕಿದರು. ನನ್ನ ಸಾರು ಎರಡು ತಿಂಗಳಿಂದ ಸಪ್ಪೆಯಾಗಿತ್ತೆಂದೂ, ಹೇಳಿದರೆ ನಾನು ಬೇಜಾರು ಮಾಡಿಕೊಂಡೇನೆಂದು ಸುಮ್ಮನಿದ್ದರೆಂದೂ ಆಗ ಗೊತ್ತಾಯಿತು. ಬೇಜಾರಾಯಿತು, ಹೇಳಿಯೂ ಹೇಳಿದೆ. ಆ ವಾರದೊಳಗೆ ನಾವಿಬ್ಬರೂ ಎರಡು ಸಲ ಜಗಳವಾಡಿದೆವು, ಒಮ್ಮೆ ಹಿಂಗಿನ ವಿಚಾರಕ್ಕೆ, ಒಮ್ಮೆ ಅನಘಾಳ ತಲೆಗೆ ಎಣ್ಣೆ ಹಚ್ಚುವ ವಿಚಾರಕ್ಕೆ. ಟಿವಿಯ ದನಿ ಏರಿತು. ಅಕ್ಕ ಒಳಬಂದರೆ ಶ್ರೀಧರ ಏಳುವುದನ್ನು ನಿಲ್ಲಿಸಿದರು. ಅದಕ್ಕೆ ಮಾತ್ರ ಸ್ವಲ್ಪ ದಿನ ಹಿಡಿಯಿತು, ಅರ್ಧ ಎದ್ದು ನೆನಪಾಗಿ ಮತ್ತೆ ಕೂರುತ್ತಿದ್ದರು.

ಟಿಕೆಟ್ಟಿನ ಮಾತನ್ನು ಅಕ್ಕ ಮತ್ತೆ ಎತ್ತಲಿಲ್ಲ, ಆದರೆ ‘ಹೋಗುವುದಿಲ್ಲ’ ಎಂದೂ ಹೇಳಲಿಲ್ಲ. ಅವರನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ನಾವಲ್ಲ. ಕಾಲೊನಿಯ ಹಿಂದೆ ಹೊಸ ಕಟ್ಟಡಗಳ ಕೆಲಸ ನಡೆಯುತ್ತಿತ್ತು. ದಾಹೋದಿನ ಕಡೆಯಿಂದ ಬಂದ ಕೂಲಿಯವರು ತಗಡಿನ ಜೋಪಡಿ ಹಾಕಿಕೊಂಡಿದ್ದರು. ದೀಪಾವಳಿಯ ವಾರ ತರಕಾರಿ ತರಲು ಆ ದಾರಿಯಲ್ಲಿ ಹೋದ ಅಕ್ಕ, ತುಂಬು ಗರ್ಭಿಣಿಯೊಬ್ಬಳು ಇಟ್ಟಿಗೆ ಹೊರುವುದನ್ನು ಕಂಡರು. ತರಕಾರಿ ಚೀಲ ಅಲ್ಲೇ ಕೆಳಗಿಟ್ಟು ಅವಳ ಕಾಲಿನ ಬಾವು ಒತ್ತಿ ನೋಡಿದರಂತೆ. ಭಾಷೆ ಬರದು. ಮನೆಗೆ ಬಂದವರೇ ಎದುರು ಮನೆಯ ಬಾಗಿಲು ತಟ್ಟಿ ಹಂಸಾಬೆನ್‌ರನ್ನು ತಮ್ಮ ಹರಕು ಹಿಂದಿಯಲ್ಲಿ ಕೇಳಿದರು, ‘ಎಲ್ಲಿ ನೋಯುತ್ತದೆ ಅನ್ನೋದಕ್ಕೆ ನಿಮ್ಮಲ್ಲಿ ಏನಂತಾರೆ?’

‘ಕ್ಯಾಂ ದುಖೇ ಛೇ.’

ಐವತ್ತೆಂಟನೆಯ ವಯಸ್ಸಿನಲ್ಲಿ ಅಕ್ಕ ಕಲಿತ ಮೊದಲ ಗುಜರಾತಿ ವಾಕ್ಯ ಅದು. ಮನೆಯೆಲ್ಲ ಓಡಾಡುತ್ತಾ ಅದನ್ನು ಬಾಯಿಪಾಠ ಮಾಡಿದರು. ಮರುದಿನ ಹಂಸಾಬೆನ್‌ರನ್ನೇ ಜೊತೆಗೆ ಕರೆದುಕೊಂಡು ಜೋಪಡಿಗಳಿಗೆ ಹೋದರು. ಸಿನಿಮಾಕ್ಕೆ ಮೂರು ಸಲ ಅತ್ತ ಹಂಸಾಬೆನ್ ಆ ದಿನ ಅಳಲಿಲ್ಲ. ಅಳುವುದಕ್ಕೆ ಅಕ್ಕ ಬಿಡುವು ಕೊಡಲಿಲ್ಲ. ಯಾರ ಹೆಸರು ಬರೆದುಕೊಳ್ಳಬೇಕು, ಯಾರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಯಾರಿಗೆ ಕಬ್ಬಿಣದ ಮಾತ್ರೆ ಕೊಡಿಸಬೇಕು ಎಂದು ಅವರನ್ನು ಮಧ್ಯಾಹ್ನದವರೆಗೂ ದುಡಿಸಿಕೊಂಡರು. ಎರಡು ತಿಂಗಳಲ್ಲಿ ಚಾಂದ್‌ಖೇಡಾ ಪೇಟೆಯ ಲೇಡಿ ಡಾಕ್ಟರೊಬ್ಬರು ಅಕ್ಕನನ್ನು ಬೆಳಗಿನ ಹೊತ್ತು ತಮ್ಮ ಕ್ಲಿನಿಕ್ಕಿಗೆ ಬರಲು ಕೇಳಿಕೊಂಡರು. ಹದಿನೈದು ವರ್ಷ ಹೋದರು. ಬೆತ್ತದ ಕುರ್ಚಿಯ ಮೇಲೆ ನಾನು ಬಟ್ಟೆ ಒಣಗಿಸತೊಡಗಿದೆ.

ಈಗ ಯೋಚಿಸಿದರೆ ಆ ಸಿನಿಮಾದ ಮೇಲೆ ನನಗೆ ಸಿಟ್ಟಿಲ್ಲ. ಅದು ಚೆನ್ನಾಗಿದ್ದಿದ್ದರೆ ನಾವೆಲ್ಲ ಸುಖವಾಗಿ ಅತ್ತು ಮನೆಗೆ ಬರುತ್ತಿದ್ದೆವು. ದೀಪಾವಳಿಯ ನಂತರ ಅಕ್ಕ ರೈಲು ಹತ್ತುತ್ತಿದ್ದರು. ಶ್ರೀಧರ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮುದುಕರಾಗುತ್ತಿದ್ದರು. ನಮ್ಮ ಬದಲು ಬೇರೆ ಯಾರೋ ಮಾತಾಡಿ ಮುಗಿಸಲಿ ಎಂದು ಕಾದಿದ್ದೆ. ಅವರು ಕೆಟ್ಟದಾಗಿ ಮಾತಾಡಿದ್ದರಿಂದ ನಾವೇ ಮಾತಾಡಬೇಕಾಯಿತು.

ಲ್ಯಾಬಿನ ಹುಡುಗಿಗೆ ಇಷ್ಟನ್ನೆಲ್ಲ ಬಾಗಿಲಲ್ಲಿ ನಿಂತು ಹೇಳಲಾಗುತ್ತದೆಯೇ? ‘ಅವರಿಗೆ ಮದುವೆಗಿಂತ ನರ್ಸ್ ಕೆಲಸ ಇಷ್ಟವಿತ್ತು’ ಎಂದಷ್ಟೇ ಹೇಳಿದೆ. ಹುಡುಗಿ ಒಂದು ಕ್ಷಣ ನಿಂತು, ‘ನನಗೂ ಇಷ್ಟವಿದೆ’ ಎಂದು ಮೆಲ್ಲಗೆ ಹೇಳಿ ಮೆಟ್ಟಿಲಿಳಿದಳು.

ಅದೇ ಸಂಜೆ ದಾಹೋದಿನಿಂದ ಫೋನ್ ಬಂತು. ಸವಿತಾ ಎಂಬವಳು, ಆ ಜೋಪಡಿಗಳಲ್ಲಿದ್ದವಳೊಬ್ಬಳು. ಅವಳ ಮಗಳಿಗೆ ಮದುವೆಯಂತೆ. ಆ ಮಗಳನ್ನು ಭೂಮಿಗೆ ತಂದವರು ಅಕ್ಕ, ಆಟೋ ಬರುವಷ್ಟರಲ್ಲಿ ತಗಡಿನ ಗೂಡಿನೊಳಗೇ. ‘ಬಾ’ ಬರಲೇಬೇಕು ಎಂದು ಅವಳು ಹಟ ಹಿಡಿದಳು. ಇಲ್ಲಿ ಎಲ್ಲರೂ ಅಕ್ಕನನ್ನು ‘ಬಾ’ ಎಂದೇ ಕರೆಯುವುದು, ಅಮ್ಮ ಎಂದ ಹಾಗೆ.

ಫೋನಿಟ್ಟ ಮೇಲೆ ಅಕ್ಕ ತಮ್ಮನ ಜಗಳ ಶುರುವಾಯಿತು. ಶ್ರೀಧರರಿಗೂ ಈಗ ಅರವತ್ತು ದಾಟಿದೆ, ಆದರೂ ದನಿಯಲ್ಲಿ ಅಕ್ಕನನ್ನು ಮೀರಿಸಲಾರರು.

‘ನಿನ್ನ ಮೊಣಕಾಲು ನೋಡಿಯೇನು? ನಾಲ್ಕೈದು ತಾಸಿನ ದಾರಿ.’

‘ನಾ ಏನು ಕುಣಿಯಾಕ ಹೋಗ್ತೀನೇನು? ಕುಂತು ಹೋಗಿ ಕುಂತು ನೋಡಿ ಬರ್ತೀನಿ.’

‘ಬ್ಯಾಡ ಅಂದ್ರ ಬ್ಯಾಡ.’

‘ನಿನ್ನ ಕೇಳಿದವರು ಯಾರು?’

ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಾ ನಾನು ಕೇಳಿಸಿಕೊಂಡೆ. ಪಕ್ಕದ ಮನೆಯವರೂ ಕೇಳಿಸಿಕೊಂಡಿರಬೇಕು. ಕೊನೆಗೆ ಅಕ್ಕ ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು, ‘ನೀನ ಹೇಳವಾ’ ಎಂದರು.

‘ಬೆಳಿಗ್ಗೆ ಬೇಗ ಹೊರಟರೆ ಊಟದ ಹೊತ್ತಿಗೆ ಮುಟ್ಟಬಹುದು ಅಕ್ಕಾ. ಕಾರಿಗೆ ಹೇಳ್ತೀನಿ. ನಾನೂ ಬರ್ತೀನಿ.’

‘ಹಂಗಾದ್ರ ನಾ ಒಬ್ಬನ ಇಲ್ಲೇನು ಮಾಡಲಿ’ ಎಂದು ಶ್ರೀಧರ ಹೊರಗಿನಿಂದ ಗೊಣಗಿದರು.

ಬುಧವಾರ ಹೊರಡುತ್ತಿದ್ದೇವೆ. ಅಕ್ಕನ ಕೆಂಪಂಚಿನ ಹಸಿರು ಸೀರೆ ಇಸ್ತ್ರಿಯಾಗಿ ಬಂದಿದೆ. ಮುಂದಿನ ಸೀಟು ತಮಗೇ ಬೇಕೆಂದು ಅಕ್ಕ ಈಗಲೇ ಹೇಳಿಟ್ಟಿದ್ದಾರೆ.